ಮಲ್ಲಿಗೆ ಕಂಡರೆ ಓಡುವ ಚೆನ್ನಯ

ಮುಂಬಯಿಯಲ್ಲಿ ಮನುಷ್ಯನಾದವನು ಹೆದರಲು ಬೇಕಾದಷ್ಟು ಸಂಗತಿಗಳಿವೆ. ಮಳೆಗಾಲದಲ್ಲಿ ಬಾಯಿ ತೆರೆದ ಗಟಾರಗಳಿವೆ, ಯಾವಾಗ ಕುಸಿದು ಕೂರುತ್ತವೋ ಹೇಳಲಾಗದ ಹಳೆಯ ಬಿಲ್ಡಿಂಗುಗಳಿವೆ, ಟಿಕೆಟ್ ಇದ್ದವನನ್ನೂ ನಡುಗಿಸುವ ಟೀಸಿಗಳಿದ್ದಾರೆ, ಎಲ್ಲಕ್ಕಿಂತ ಮಿಗಿಲಾಗಿ ಸೊಸೈಟಿಯ ಸೆಕ್ರೆಟರಿಗಳಿದ್ದಾರೆ. ಹೆದರುವವನಿಗೆ ಇಲ್ಲಿ ಆಯ್ಕೆಗೆ ಬರವಿಲ್ಲ. ವಿಕ್ರೋಳಿಯ ಚೆನ್ನಯ ಪೂಜಾರಿ ಇವೆಲ್ಲವನ್ನೂ ಬದಿಗಿಟ್ಟು ಮಲ್ಲಿಗೆ ಹೂವಿಗೆ ಹೆದರಿದ. ಅದೂ ಚಿಕ್ಕಂದಿನಲ್ಲಲ್ಲ, ಮೀಸೆ ನರೆತು, ಗೋರೆಗಾಂವ್‌ನ ಉಡುಪಿ ಹೋಟೆಲೊಂದರ ದುಡ್ಡಿನ ಗಲ್ಲೆಯಲ್ಲಿ ಅರ್ಧ ಆಯುಷ್ಯ ಕೂತು, ಒಬ್ಬಳೇ ಮಗಳ ಮದುವೆಯ ಮಾತು ಗಟ್ಟಿಯಾಗುವ ಹೊತ್ತಿನಲ್ಲಿ.

ಇದು ಶುರುವಾದದ್ದು ಸೊಸೈಟಿಯ ಸತ್ಯನಾರಾಯಣ ಪೂಜೆಯಲ್ಲಿ. ಪ್ರಸಾದ ಹಂಚುತ್ತಿದ್ದ ಪಕ್ಕದ ಮನೆಯ ವಸಂತಿ, ಚೆನ್ನಯನ ಹೆಂಡತಿ ಅಕ್ಕುವಿನ ಜಡೆಯನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ ನೋಡಿದಳು. ವಸಂತಿ ಊರವರ ಸಂಘದ ಮಹಿಳಾ ವಿಭಾಗದ ಕಾರ್ಯದರ್ಶಿ. ಅವಳು ಮೂಸಿದರೆ ಇಡೀ ವಿಕ್ರೋಳಿ ಮೂಸಿದಂತೆಯೇ ಲೆಕ್ಕ.

"ಅಕ್ಕು ಅಕ್ಕ, ಇದು ಸ್ಟೇಷನಿನ ಗಜರಾ ಅಲ್ವಾ? ಪರಿಮಳವೇ ಇಲ್ಲ. ನಾಳೆ ಹುಡುಗನ ಕಡೆಯವರು ಬರುವಾಗಲೂ ಇದನ್ನೇ ಮುಡಿಯುವುದಾ?"

ಅಕ್ಕು ತಲೆ ತಗ್ಗಿಸಿದಳು. ಚೆನ್ನಯ ತಗ್ಗಿಸಲಿಲ್ಲ. "ನಾಳೆ ಸಂಜೆ ನೋಡಿ ವಸಂತಿಯಕ್ಕ," ಎಂದ, ಸೊಸೈಟಿಗೆಲ್ಲ ಕೇಳುವಂತೆ. "ಊರಿಂದ ಮಾಟುಂಗಾಕ್ಕೆ ಶಂಕರಪುರದ ಅಸಲಿ ಮಲ್ಲಿಗೆ ಬರ್ತದೆ. ಒಂದಿಡೀ ಅಟ್ಟೆ, ನಾಲ್ಕು ಚೆಂಡು ಹೂ ತರ್ತೇನೆ. ನಿಮ್ಮ ಅಡುಗೆಮನೆವರೆಗೆ ಪರಿಮಳ ಬರದಿದ್ದರೆ ನಾನು ಚೆನ್ನಯನೇ ಅಲ್ಲ."

ಹೀಗೆ ಹೇಳಿದವನು ಮರುದಿನ ಸಂಜೆ ಮಾಟುಂಗಾದಲ್ಲಿ ಇಳಿದು, ಬಾಳೆ ಎಲೆಯಲ್ಲಿ ಸುತ್ತಿ ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಪೊಟ್ಟಣ ಹಿಡಿದು ವಿಕ್ರೋಳಿಯ ಲೋಕಲ್ ಹತ್ತಿದ. ಹೂ ನಲುಗಬಾರದೆಂದು ಪೊಟ್ಟಣವನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದಿದ್ದ. ಕುರ್ಲಾದಲ್ಲಿ ಇಳಿಯುವವರು ಅವನನ್ನು ಕೆಳಗೆ ಇಳಿಸಿದರು, ಹತ್ತುವವರು ಮತ್ತೆ ಮೇಲೆ ಹತ್ತಿಸಿದರು, ಆದರೆ ಪೂರ್ತಿಯಾಗಿ ಹತ್ತಿಸಲಿಲ್ಲ. ಗಾಡಿ ಹೊರಟಾಗ ಅವನ ಒಂದು ಕಾಲು ಮಾತ್ರ ಬಾಗಿಲಿನ ಅಂಚಿನಲ್ಲಿತ್ತು. ಒಂದು ಕೈ ಕಂಬಿಯ ಮೇಲೆ, ಉಳಿದ ಚೆನ್ನಯನೆಲ್ಲ ಮಹಾರಾಷ್ಟ್ರದ ಗಾಳಿಯಲ್ಲಿ. ಪೊಟ್ಟಣದ ಕೈಯನ್ನು ಕೆಳಗಿಳಿಸಲು ಜಾಗವಿರಲಿಲ್ಲ. ಅದು ಅವನ ಮೂಗಿಗೆ ಒತ್ತಿಕೊಂಡಿತ್ತು. ಉಸಿರು ಎಳೆದಾಗಲೆಲ್ಲ ಮಲ್ಲಿಗೆ ಒಳಗೆ ಹೋಗುತ್ತಿತ್ತು. ಎದುರಿನಿಂದ ಕಂಬಗಳು ಒಂದಾದ ಮೇಲೊಂದು ಬರುತ್ತಿದ್ದವು, ಒಂದಂತೂ ಕಿವಿಯ ಮೇಲಿನ ಕೂದಲನ್ನು ಮುಟ್ಟಿಯೇ ಹೋಯಿತು.

"ಹೂವ ಒಗೀರಿ ಅಣ್ಣಾರ! ಎರಡೂ ಕೈಲೆ ಡಂಡಾ ಹಿಡೀರಿ!" ಎಂದು ಒಳಗಿನಿಂದ ಯಾರೋ ಕೂಗಿದರು.

ಚೆನ್ನಯ ಹೂ ಒಗೆಯಲಿಲ್ಲ. ಒಗೆದರೆ ವಸಂತಿಗೆ ಏನು ಹೇಳುವುದು? ಪ್ರಾಣ ಮತ್ತು ಮಾನ ಎರಡೂ ಒಟ್ಟಿಗೆ ಹೋಗುವ ಹೊತ್ತಿಗೆ, ಆ ಕೂಗಿದವನೇ ಕೈ ಚಾಚಿ ಅವನ ಬೆಲ್ಟು ಹಿಡಿದು ಒಳಗೆ ಎಳೆದ. ಬಿಳಿ ಗಡ್ಡದ, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡಿದ್ದ ಒಬ್ಬ ದರ್ಜಿ. "ಹುಚ್ಚ ಅದೀರೇನ್ರೀ? ಹೆಣದ ಮ್ಯಾಲೆ ಹಾಕಾಕ ಹೂವ ಮೊದ್ಲ ತಂದ್ಕೊಂಡೀರಲ್ಲ!" ಎಂದ. ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ಚೆನ್ನಯನೂ ನಕ್ಕ, ಆದರೆ ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಅದು ನಗುವೆಂದು ಯಾರಿಗೂ ತಿಳಿಯಲಿಲ್ಲ.

ಮನೆ ತಲುಪಿದಾಗ ಹುಡುಗನ ಕಡೆಯವರು ಬಂದು ಕೂತಿದ್ದರು. ಹುಡುಗ ರೋಶನ್ ಮೊಬೈಲ್ ನೋಡುತ್ತಿದ್ದ. ಅವನ ಅಜ್ಜ ದೂಜ ಪೂಜಾರಿ ಊರುಗೋಲು ಹಿಡಿದು ಗೋಡೆಗಳನ್ನು ನೋಡುತ್ತಿದ್ದರು. ದೂಜ ಪೂಜಾರಿಯವರು ಆ ಮನೆತನಕ್ಕೆ ಯಜಮಾನರು, ಊರವರ ಸಂಘಕ್ಕೆ ಗೌರವಾಧ್ಯಕ್ಷರು, ಹೋದಲ್ಲೆಲ್ಲ ದೊಡ್ಡ ಕುರ್ಚಿಗೆ ಹಕ್ಕುದಾರರು.

"ತಡವಾಯಿತಲ್ಲ ಚೆನ್ನಯರೇ. ರೈಲಲ್ಲಿ ರಶ್ಶಾ?" ಎಂದರು.

"ನಮಗೆಂಥ ರಶ್ಶು ದೂಜಣ್ಣ," ಎಂದ ಚೆನ್ನಯ, ಕಿತ್ತುಹೋಗಿದ್ದ ಗುಂಡಿಯ ಜಾಗವನ್ನು ಕೈಯಿಂದ ಮುಚ್ಚಿಕೊಂಡು. "ಹೊಸಬರು ನೇತಾಡುವುದು. ನಮಗೆ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ನಿದ್ದೆಯೂ ಆಯಿತು."

ಈ ಒಂದು ಸುಳ್ಳನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಆದದ್ದಕ್ಕೆಲ್ಲ ಅದೇ ಬಾಗಿಲು ತೆರೆದದ್ದು.

ಅಕ್ಕು ಪೊಟ್ಟಣ ಒಳಗೆ ಒಯ್ದಳು. ಸ್ವಲ್ಪ ಹೊತ್ತಿನಲ್ಲಿ ತಲೆತುಂಬ ಮಲ್ಲಿಗೆ ಮುಡಿದು ಕಾಫಿಯ ತಟ್ಟೆ ಹಿಡಿದು ಬಂದಳು. ನಿಜವಾಗಿಯೂ ಚೆನ್ನಾಗಿ ಕಾಣುತ್ತಿದ್ದಳು. ಪರಿಮಳ ಅವಳಿಗಿಂತ ಮೊದಲೇ ಹಜಾರಕ್ಕೆ ಬಂತು, ನೇರ ಚೆನ್ನಯನ ಮೂಗಿಗೆ. ಆ ಕ್ಷಣ ನೆಲ ಕಾಲಡಿಯಿಂದ ಹಿಂದಕ್ಕೆ ಓಡಿತು. ಕಿವಿಯ ಪಕ್ಕ ಕಂಬವೊಂದು ಹಾದುಹೋಯಿತು. ಕೈಗೆ ಸಿಕ್ಕಿದ ನೆಟ್ಟನೆಯ ವಸ್ತುವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ. ಅದು ದೂಜ ಪೂಜಾರಿಯವರ ಊರುಗೋಲು. ಇಬ್ಬರೂ ಸ್ವಲ್ಪ ಹೊತ್ತು ಅದನ್ನು ಎಳೆದಾಡಿದರು. ಆಮೇಲೆ ಚೆನ್ನಯ ಅದನ್ನು ಬಿಟ್ಟು ಬಾತ್‌ರೂಮಿಗೆ ಓಡಿ ಚಿಲಕ ಹಾಕಿಕೊಂಡ. ನೆಂಟರು ಹೋಗುವ ತನಕ ಹೊರಗೆ ಬರಲಿಲ್ಲ.

ಆದರೂ ಸಂಬಂಧ ಕುದುರಿತು. ಮಗಳು ನಿಖಿತಾ ಹಾಗಿದ್ದಳು, ಯಾರಿಗಾದರೂ ಇಷ್ಟವಾಗುವವಳು. ಕೆಟ್ಟದ್ದು ಚೆನ್ನಯನ ಮೂಗು ಮಾತ್ರ. ಅದುವರೆಗೆ ಸಾಂಬಾರು ಸೀದರೂ ತಿಳಿಯದ ಮೂಗು ಅದು. ಈಗ ಎರಡು ಡಬ್ಬಿ ಆಚೆ ಲೇಡೀಸ್‌ನಲ್ಲಿ ಯಾರೋ ಮುಡಿದ ಮಲ್ಲಿಗೆಯನ್ನು ಹುಡುಕಿ ಹಿಡಿಯುತ್ತಿತ್ತು. ಸ್ಟೇಷನ್ ಹೊರಗೆ ಹೂ ಮಾರುವವರು ಎಷ್ಟು ಜನರಿದ್ದಾರೆ ಎಂಬುದು ಇಷ್ಟು ವರ್ಷ ಅವನ ಕಣ್ಣಿಗೆ ಬಿದ್ದಿರಲಿಲ್ಲ; ಈಗ ಅವರ ಹೊರತು ಬೇರೆ ಯಾರೂ ಕಾಣುತ್ತಿರಲಿಲ್ಲ. ಗಿರಾಕಿಗೆ ಚಿಲ್ಲರೆ ಕೊಡುವಾಗ ಕಣ್ಣು ಗಿರಾಕಿಯ ಹಿಂದೆ ನಿಂತ ಹೆಂಗಸಿನ ಜಡೆಯ ಮೇಲಿರುತ್ತಿತ್ತು. ಹೋಟೆಲಿನಲ್ಲಿ ಇದಕ್ಕೆ ಬೇರೆ ಅರ್ಥ ಬಂತು, ಅದು ಸಹಜವೇ.

ಹೆದರಿಕೆಗೆ ಸಂಸಾರ ಬೆಳೆಸುವ ಗುಣವಿದೆ. ಮೊದಲು ಮಲ್ಲಿಗೆಗೆ ಮಾತ್ರ ಹೆದರುತ್ತಿದ್ದವನು ಆಮೇಲೆ ಬಾಳೆ ಎಲೆಯ ಪೊಟ್ಟಣಕ್ಕೆ, ಬಾಳೆನಾರಿಗೆ, ಊದುಬತ್ತಿಗೆ, ಕೊನೆಗೆ ವಸಂತಿಯ ಟಾಲ್ಕಂ ಪೌಡರಿಗೂ ಹೆದರತೊಡಗಿದ. ಗಲ್ಲೆಯ ಹಿಂದಿನ ದೇವರ ಪಟಕ್ಕೆ ದಿನಾ ಮಲ್ಲಿಗೆ ಹಾಕುವ ಪದ್ಧತಿ. ಚೆನ್ನಯ ಅದನ್ನು ಚಿಮಟದಲ್ಲಿ ಹಿಡಿದು ಮೋರಿಗೆ ಹಾಕುವುದನ್ನು ಧಣಿಗಳು ಕಂಡರು.

"ಎಂಥ ಚೆನ್ನಯ, ಮತ ಬದಲಿಸಿದೆಯಾ?" ಎಂದು ಕೇಳಿದರು.

"ಇಲ್ಲ ಧಣಿ, ಶೀತ," ಎಂದ.

ಮನೆಯಲ್ಲಿ ಅಕ್ಕು ಹೂ ಮುಡಿಯುವುದನ್ನು ಬಿಟ್ಟಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡ ತನ್ನನ್ನು ಕಂಡು ಕಿಟಕಿಯ ಗ್ರಿಲ್ ಹಿಡಿದುಕೊಳ್ಳುತ್ತಾನೆಂದರೆ ಯಾವ ಹೆಂಗಸಿಗಾದರೂ ನೋವಾಗುತ್ತದೆ. ಅವಳು ಜಗಳವಾಡಲಿಲ್ಲ. ಹಿತ್ತಾಳೆಯ ಹೂಬುಟ್ಟಿಯನ್ನು ಅಟ್ಟದ ಮೇಲಿಟ್ಟು, "ನಿಮಗೆ ಎಂಥ ಆದದ್ದು ಅಂತ ಡಾಕ್ಟ್ರ ಹತ್ತಿರವಾದರೂ ಹೇಳಿ," ಎಂದಳು. ಆ ದನಿ ಕೇಳಿ ಚೆನ್ನಯ ಒಪ್ಪಿದ.

ಡಾಕ್ಟರ್ ನಮಿತಾ ಮನಸ್ಸಿನ ಕಾಯಿಲೆಗಳ ಡಾಕ್ಟರು, ಕನ್ನಡದವರೇ. ಅಕ್ಕುವನ್ನೂ, ಕರೆಯದೆ ಬಂದಿದ್ದ ವಸಂತಿಯನ್ನೂ ಹೊರಗೆ ಕೂರಿಸಿ ಚೆನ್ನಯನನ್ನು ಒಬ್ಬನನ್ನೇ ಒಳಗೆ ಕರೆದರು. ಅಲ್ಲಿ ಅವನು ಬೇರೆಲ್ಲೂ ಹೇಳದ್ದನ್ನು ಹೇಳಿದ. ಕುರ್ಲಾ, ಕಂಬಿ, ಕಂಬ, ಮೂಗಿಗೆ ಒತ್ತಿದ ಪೊಟ್ಟಣ, ಎಲ್ಲವನ್ನೂ.

"ಅಂಕಲ್, ನಿಮಗೆ ಹುಚ್ಚೂ ಇಲ್ಲ, ಮಣ್ಣೂ ಇಲ್ಲ," ಎಂದರು ಡಾಕ್ಟರು. "ತಲೆ ಒಳಗೆ ಬಾದಾಮಿಯಷ್ಟು ದೊಡ್ಡದೊಂದು ಭಾಗ ಇರತ್ತೆ. ಅಪಾಯ ಬಂದಾಗ ಬೆಲ್ ಹೊಡೆಯೋದು ಅದರ ಕೆಲಸ. ಅವತ್ತು ಸಾವು ಹತ್ತಿರ ಬಂದಾಗ ಮೂಗಲ್ಲಿ ಮಲ್ಲಿಗೆ ಇತ್ತು. ಅದು ಎರಡನ್ನೂ ಗಂಟುಹಾಕಿ ಇಟ್ಕೊಂಡಿದೆ. ಹೆದರಿಕೆ ಕಲಿಯೋಕೆ ಒಂದೇ ಸಲ ಸಾಕು. ಬಿಡೋಕೆ ತುಂಬ ದಿನ ಬೇಕು."

"ಅದನ್ನು ತೆಗೀಲಿಕ್ಕೆ ಆಗುವುದಿಲ್ಲವಾ ಮೇಡಂ?"

"ತೆಗೆಯೋ ವಸ್ತು ಅಲ್ಲ ಅಂಕಲ್ ಅದು. ಒಂದು ಮೊಗ್ಗನ್ನ ದೂರದಲ್ಲಿಟ್ಟು ನೋಡಿ. ಏನೂ ಆಗಲ್ಲ ಅಂತ ಅದಕ್ಕೆ ಗೊತ್ತಾಗಬೇಕು. ಆಮೇಲೆ ಸ್ವಲ್ಪ ಸ್ವಲ್ಪ ಹತ್ತಿರ ತನ್ನಿ."

ಚೆನ್ನಯ ಹೊರಗೆ ಬಂದ. ಅಕ್ಕು ಮತ್ತು ವಸಂತಿ ಒಟ್ಟಿಗೇ ಎದ್ದು ನಿಂತರು. ರೈಲಿನ ವಿಷಯ ವಸಂತಿಯ ಎದುರು ಹೇಳುವಂತಿಲ್ಲ. ಕಿಟಕಿ ಪಕ್ಕದ ಸೀಟು ಹೋಗುತ್ತದೆ. ಹಾಗಾಗಿ ಡಾಕ್ಟರು ಹೇಳಿದ್ದರಲ್ಲಿ ಮಾನಕ್ಕೆ ಕುಂದು ತಾರದ ಭಾಗವನ್ನು ಮಾತ್ರ ಆರಿಸಿ ಹೇಳಿದ.

"ತಲೆ ಒಳಗೆ ಬಾದಾಮಿಯಷ್ಟು ದೊಡ್ಡದೊಂದು ಉಂಟಂತೆ. ಅದರಿಂದಲೇ ಇದೆಲ್ಲ."

ಅಕ್ಕು ಬೆಂಚಿನ ಮೇಲೆ ಕೂತುಬಿಟ್ಟಳು. "ತೆಗೀಲಿಕ್ಕೆ ಆಗ್ತದಂತಾ?"

"ಇಲ್ಲವಂತೆ. ತೆಗೆಯುವಂಥದ್ದಲ್ಲವಂತೆ."

"ಅಯ್ಯೋ ದೇವರೇ," ಎಂದಳು ವಸಂತಿ. "ನಮ್ಮ ಭಾವನಿಗೂ ಹೀಗೇ ಮೂಗಿನಿಂದಲೇ ಶುರುವಾದದ್ದು. ಮಳೆಗಾಲ ದಾಟಲಿಲ್ಲ." ಹೇಳುತ್ತಿದ್ದಂತೆಯೇ ಅವಳ ಹೆಬ್ಬೆರಳು ಮೊಬೈಲಿನ ಮೇಲೆ ಓಡಾಡುತ್ತಿತ್ತು. ಅವರ ರಿಕ್ಷಾ ಮನೆ ಮುಟ್ಟುವ ಮೊದಲೇ ಚೆನ್ನಯನ ತಲೆಯ ಗಡ್ಡೆ ಸಂಘದ ವಾಟ್ಸಾಪ್ ಗುಂಪನ್ನು ಮುಟ್ಟಿತು. ದಾರಿಯಲ್ಲಿ ಅದು ಬಾದಾಮಿಯಿಂದ ನಿಂಬೆಹಣ್ಣಿನ ಗಾತ್ರಕ್ಕೆ ಬೆಳೆದಿತ್ತು.

ಸಂಜೆ ಆಫೀಸಿನಿಂದ ಅಳುತ್ತಲೇ ಬಂದ ನಿಖಿತಾ ಅಪ್ಪನನ್ನು ತಬ್ಬಿಕೊಂಡಳು. "ಪಪ್ಪಾ, ಸಚ್ ಬೋಲೋ, ನಿಜ ಹೇಳು. ಟ್ಯೂಮರ್ ಹೈ ಕ್ಯಾ?"

"ಇಲ್ಲ ಮಗಾ! ಆ ಬಾದಾಮಿ ಎಲ್ಲರ ತಲೆಯಲ್ಲಿಯೂ ಇರ್ತದಂತೆ. ನಿನಗೂ ಉಂಟು, ನಿನ್ನಮ್ಮನಿಗೂ ಉಂಟು."

ಸಾಯುವವನು ಮಗಳನ್ನು ನಗಿಸಲು ಹೀಗೆಲ್ಲ ಹೇಳುತ್ತಾನಲ್ಲ ಎಂದು ಅಕ್ಕು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಿಖಿತಾ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ರೋಗಿಯ ವಿಷಯವನ್ನು ಬೇರೆಯವರಿಗೆ ಹೇಳುವಂತಿಲ್ಲ ಎಂದರು. ಅಲ್ಲಿಗೆ ಉಳಿದ ಅನುಮಾನವೂ ಮುಗಿಯಿತು. ಸಣ್ಣ ಕಾಯಿಲೆಯಾಗಿದ್ದರೆ ಯಾಕೆ ಮುಚ್ಚಿಡುತ್ತಿದ್ದರು?

ಮರುದಿನವೇ ದೂಜ ಪೂಜಾರಿಯವರು ಊರುಗೋಲು ಬಿಗಿಯಾಗಿ ಹಿಡಿದುಕೊಂಡು ಬಂದರು. "ಚೆನ್ನಯರೇ, ಬಾಯಿಬಿಟ್ಟು ಹೇಳುವುದು ಬೇಡ, ನನಗೆ ಎಲ್ಲ ಗೊತ್ತುಂಟು," ಎಂದರು. "ಮದುವೆ ಡಿಸೆಂಬರಿಗೆ ಅಂತ ಅಲ್ವಾ ಮಾತಾದದ್ದು? ಅಷ್ಟು ಕಾಯುವುದು ಬೇಡ. ಏನಾದರೂ ಆದರೆ ಮತ್ತೆ ವರ್ಷದ ತಿಥಿ ಮುಗಿಯುವ ತನಕ ಶುಭಕಾರ್ಯ ಮಾಡ್ಲಿಕ್ಕಿಲ್ಲ. ಬರುವ ತಿಂಗಳೇ ಮಾಡುವ. ನಿಮ್ಮ ಕೈಯಿಂದಲೇ ಧಾರೆ ಆಗಬೇಕು."

"ದೂಜಣ್ಣ, ನಾನು ಸಾಯುವುದಿಲ್ಲ," ಎಂದ ಚೆನ್ನಯ.

"ಆ ಧೈರ್ಯ ಇರಲಿ," ಎಂದು ಅವರು ಅವನ ಬೆನ್ನು ಸವರಿದರು.

ಒಂದು ಮಾತನ್ನು ಮುಚ್ಚಿಡಬಾರದು. ಈ ಸಾಯುವ ಸ್ಥಾನಮಾನ ಚೆನ್ನಯನಿಗೆ ಒಂದೆರಡು ವಾರ ಹಿಡಿಸಿತು. ಮೀನಿನ ನಡುತುಂಡು ಅವನ ತಟ್ಟೆಗೇ ಬೀಳುತ್ತಿತ್ತು. ಧಣಿಗಳು ಅರ್ಧ ದಿನದ ಕೆಲಸಕ್ಕೆ ಪೂರ್ತಿ ಸಂಬಳ ಕೊಟ್ಟರು. ಸೊಸೈಟಿಯ ಸೆಕ್ರೆಟರಿ ತಾನಾಗಿಯೇ ಅವನ ಮನೆಯ ಸೋರುವ ಪೈಪು ಸರಿಮಾಡಿಸಿದ. ಇಷ್ಟು ವರ್ಷ ಬದುಕಿದ್ದಾಗ ಸಿಗದ ಮರ್ಯಾದೆ ಸಾಯುತ್ತಾನೆಂದು ಸುದ್ದಿಯಾದ ಕೂಡಲೇ ಸಿಗುತ್ತಿದೆಯಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು, ಒಳಗೊಳಗೆ ಬೇಸರವೂ ಆಯಿತು.

ಆದರೆ ಮುಂಬಯಿಯ ನಮ್ಮ ಜನರ ನಡುವೆ ಸನ್ಮಾನವಾಗದೆ ಸಾಯುವುದು ಬಹಳ ಕಷ್ಟ. ಏನೂ ಮಾಡದೆ ಬದುಕಿದವನಿಗೂ ಎಲ್ಲೋ ಒಂದು ಶಾಲು ಮಡಚಿಟ್ಟಿರುತ್ತದೆ. ಸಂಘದವರು ಹಾಲ್ ಹಿಡಿದರು, ಬ್ಯಾನರ್ ಕಟ್ಟಿದರು, ಚೆನ್ನಯನನ್ನು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ವಸಂತಿ ಅಭಿನಂದನಾ ಭಾಷಣ ಮಾಡಿದಳು. "ಚೆನ್ನಯಣ್ಣ ಸರಳ ವ್ಯಕ್ತಿಯಾಗಿದ್ದರು. ಎಲ್ಲರೊಡನೆ ನಗುನಗುತ್ತಾ ಮಾತನಾಡುತ್ತಿದ್ದರು. ಅವರ ಅಗಲಿಕೆ ತುಂಬಲಾರದ..." ಎಂದು ಹೇಳುವಾಗ ಅಧ್ಯಕ್ಷರು ಕೆಮ್ಮಿದರು. ತಲೆಗೆ ಪೇಟ ಬಂತು, ಹೆಗಲಿಗೆ ಶಾಲು ಬಂತು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಬಂತು. ಅಷ್ಟರಲ್ಲಿ ದೂಜ ಪೂಜಾರಿಯವರು ಮೈಕ್ ತೆಗೆದುಕೊಂಡು, "ನಮ್ಮ ಬೀಗರಿಗೆ ಊರಿನ ಪ್ರೀತಿ," ಎಂದರು. ಹಿಂದಿನಿಂದ ಇಬ್ಬರು ಎತ್ತಿ ತಂದದ್ದು ಮೊಣಕಾಲು ಮುಟ್ಟುವ ಶಂಕರಪುರ ಮಲ್ಲಿಗೆಯ ಹಾರ.

ಹಾರ ಕೊರಳಿಗೆ ಬಿದ್ದದ್ದು ಚೆನ್ನಯನಿಗೆ ಕಾಣಲಿಲ್ಲ, ಮೂಗಿಗೆ ತಿಳಿಯಿತು. ಅವನು ಮೈಕಿನ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, "ಹಿಡ್ಕೊಳ್ಳಿ! ಹಿಡ್ಕೊಳ್ಳಿ ನನ್ನನ್ನು!" ಎಂದು ಚೀರಿದ. ಧ್ವನಿವರ್ಧಕ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆಮೇಲೆ ಸ್ಟ್ಯಾಂಡ್ ಸಮೇತ ವೇದಿಕೆಯಿಂದ ಹಾರಿದ, ಕಿತ್ತಳೆಗಳು ಮುಂದಿನ ಸಾಲಿನವರ ಕಾಲಡಿಗೆ ಉರುಳಿದವು. ಪೇಟ ಬಿತ್ತು, ಅವನು ಶಾಲು ಬೀಳದ ಹಾಗೆ ಹಿಡಿದುಕೊಂಡು ರಸ್ತೆಗೆ ಓಡಿದ.

"ಗಡ್ಡೆ ಕಣ್ಣಿನ ನರಕ್ಕೆ ಒತ್ತಿದೆ," ಎಂದು ಸಭಿಕರೊಬ್ಬರು ಖಚಿತವಾಗಿ ಹೇಳಿದರು. ಎರಡು ನಿಮಿಷ ಮೌನ ಆಚರಿಸಬೇಕೋ ಬೇಡವೋ ಎಂದು ಸ್ವಲ್ಪ ಚರ್ಚೆಯಾಗಿ ಊಟಕ್ಕೆ ಎದ್ದರು.

ಇಷ್ಟಾದ ಮೇಲೂ ದೇವರು ಚೆನ್ನಯನಿಗೆ ಒಂದು ಅವಕಾಶ ಕೊಟ್ಟ. ಮದುವೆಗೆ ಅವನ ಕೋಟು ಹೊಲಿಯಲು ದೂಜ ಪೂಜಾರಿಯವರು ತಮ್ಮ ದರ್ಜಿಯನ್ನು ಮನೆಗೇ ಕರೆತಂದರು. ಹೆಸರು ಅಮೀರಸಾಬ, ವಿಜಾಪುರದ ಕಡೆಯವನು, ಕುರ್ಲಾದಲ್ಲಿ ಅಂಗಡಿ. ಬಿಳಿ ಗಡ್ಡ, ಕೊರಳಲ್ಲಿ ಟೇಪು. ಸೊಂಟದ ಅಳತೆ ತೆಗೆಯಲು ಬೆಲ್ಟಿಗೆ ಕೈ ಹಾಕಿದವನು ತಲೆಯೆತ್ತಿ ಮುಖ ನೋಡಿದ.

"ಅಲ್ರೀ ಅಣ್ಣಾರ, ಈ ಸೊಂಟ ನಾ ಮೊದ್ಲ ಹಿಡ್ದೀನಲ್ರೀ! ರೈಲಿನ್ಯಾಗ ಮಲ್ಲಿಗಿ ಪುಡಿಕಿ ಹಿಡ್ಕೊಂಡು ಬಾಗ್ಲಾಗ ಜೋತಾಡಾಕತ್ತಿದ್ರಿ, ನೀವಽ ಅಲ್ಲೇನ್ರೀ? ಅವತ್ತ ಎಷ್ಟ ಅಂಜಿದ್ರಿ! ಇಳ್ದ ಮ್ಯಾಲೂ ನನ್ನ ಕೈ ಬಿಡಲಿಲ್ಲ."

ಕೋಣೆಯಲ್ಲಿ ಅಕ್ಕು ಇದ್ದಳು, ನಿಖಿತಾ ಇದ್ದಳು, ಸಕ್ಕರೆ ಕೇಳುವ ನೆಪದಲ್ಲಿ ವಸಂತಿ ಇದ್ದಳು. ದೂಜ ಪೂಜಾರಿಯವರು ನಕ್ಕರು. "ನಮ್ಮ ಬೀಗರಾ? ಬಾಗಿಲಲ್ಲಿ ನೇತಾಡಿ ಹೆದರಿದ್ದಾ? ಅವರಿಗೆ ಕಿಟಕಿ ಪಕ್ಕ ಸೀಟು ಸಿಗ್ತದೆ ಮಾರಾಯ. ಅಲ್ವಾ ಚೆನ್ನಯರೇ?"

ಎಲ್ಲರೂ ಚೆನ್ನಯನನ್ನು ನೋಡಿದರು. ಹೌದು ಎಂಬ ಒಂದೇ ಮಾತು ಸಾಕಿತ್ತು. ಗಡ್ಡೆ ಕರಗುತ್ತಿತ್ತು, ಅಕ್ಕುವಿನ ಅಳು ನಿಲ್ಲುತ್ತಿತ್ತು. ಆದರೆ ಗಡ್ಡೆಯಿಂದ ಸಾಯುವವನು ದೊಡ್ಡ ಮನುಷ್ಯ, ಹೂವಿನ ವಾಸನೆಗೆ ಓಡುವವನು ಹೇಡಿ. ಬೀಗರ ಎದುರು ಯಾವುದನ್ನು ಆರಿಸಿಕೊಳ್ಳಬೇಕೆಂದು ಯೋಚಿಸಲು ಚೆನ್ನಯನಿಗೆ ಹೊತ್ತೇ ಬೇಕಾಗಲಿಲ್ಲ.

"ನಾನಲ್ಲ," ಎಂದ. "ಇವರು ಬೇರೆ ಯಾರನ್ನೋ ನೋಡಿದ್ದು."

ಅಮೀರಸಾಬ, "ಇರಬಹುದು ಬಿಡ್ರಿ, ನನಗೂ ವಯಸ್ಸಾತು," ಎಂದು ಟೇಪು ಸುತ್ತಿಕೊಂಡ.

ನಂಬದೆ ಉಳಿದವಳು ನಿಖಿತಾ ಒಬ್ಬಳೇ. ಎಲ್ಲರೂ ಹೋದ ಮೇಲೆ ಮನೆಯ ಹೊರಗಿನ ಉದ್ದ ಗ್ಯಾಲರಿಗೆ ಬಂದು ಅಪ್ಪನ ಪಕ್ಕ ನಿಂತಳು. "ಪಪ್ಪಾ, ಆ ಟೇಲರ್ ಚಾಚಾ ಹೇಳಿದ್ದು ಸಚ್ ಅಲ್ವಾ?" ಎಂದಳು. ಚೆನ್ನಯ ಹೂಂ ಎಂದ. ಅವಳು ನಗಬಹುದೆಂದು ಕಾದ. ಅವಳು ನಗಲಿಲ್ಲ, ಜೋರಾಗಿ ಅತ್ತಳು. "ಯಾನೀ ನೀನು ಸಾಯಲ್ಲ! ಪಾಗಲ್ ಪಪ್ಪಾ!" ಎಂದು ಅವನ ಭುಜಕ್ಕೆ ಗುದ್ದಿದಳು.

"ಅಮ್ಮನಿಗೆ ನಾನೇ ಹೇಳ್ತೇನೆ, ಮದುವೆ ಮುಗೀಲಿ," ಎಂದ ಚೆನ್ನಯ. "ಬೀಗರ ಎದುರು ಮರ್ಯಾದೆ ಹೋಗುವುದು ಬೇಡ."

"ಓಕೆ. ಆದರೆ ಧಾರೆ ನೀನೇ ಮಾಡಬೇಕು. ನಾನು ಹೂ ಇಡಲ್ಲ, ರೋಶನ್‌ಗೆ ಹೇಳ್ತೇನೆ. ಮತ್ತೆ ನಾವು ಪ್ರಾಕ್ಟೀಸ್ ಮಾಡುವ."

ಆ ತಿಂಗಳು ಅಪ್ಪ ಮಗಳು ಗ್ಯಾಲರಿಯಲ್ಲಿ ನಡೆಸಿದ ಸಾಧನೆಯನ್ನು ಬಿಲ್ಡಿಂಗಿನವರು ಯಾವುದೋ ಪ್ರಾರ್ಥನೆಯೆಂದು ತಿಳಿದು ದೂರದಿಂದ ಕೈಮುಗಿದರು. ನಿಖಿತಾ ಗ್ಯಾಲರಿಯ ಒಂದು ತುದಿಯಲ್ಲಿ ಸ್ಟೀಲ್ ತಟ್ಟೆಯಲ್ಲಿ ಒಂದೇ ಒಂದು ಮೊಗ್ಗು ಇಡುವಳು. ಇನ್ನೊಂದು ತುದಿಯಲ್ಲಿ ಚೆನ್ನಯ ಬಟ್ಟೆ ಒಣಗಿಸುವ ಕಂಬಿ ಹಿಡಿದು ನಿಲ್ಲುವನು. "ಏನೂ ಆಗಲ್ಲ ಪಪ್ಪಾ, ಟ್ರೇನ್ ಇಲ್ಲ, ಕಂಬ ಇಲ್ಲ, ನಾನು ಇದ್ದೇನೆ," ಎನ್ನುವಳು. ತಟ್ಟೆ ದಿನದಿನಕ್ಕೆ ಹತ್ತಿರ ಬಂತು. ಮದುವೆಗೆ ಮೂರು ದಿನವಿರುವಾಗ ಮೊಗ್ಗು ಅವನ ಅಂಗೈಯಲ್ಲಿತ್ತು. ಅವನ ಕಣ್ಣಲ್ಲಿ ನೀರಿತ್ತು, ಆದರೆ ಕಾಲು ಓಡಲಿಲ್ಲ. ಅವನ ಜೀವನದಲ್ಲಿ ಅದಕ್ಕಿಂತ ದೊಡ್ಡ ಗೆಲುವು ಇರಲಿಲ್ಲ.

ಮದುವೆ ಗೋರೆಗಾಂವ್‌ನ ಸಭಾಭವನವೊಂದರಲ್ಲಿ. ಹೂವಿನ ವಿಷಯ ನಿಖಿತಾ ರೋಶನ್‌ಗೆ ಹೇಳಿದ್ದಳು, ಅವನು ಒಪ್ಪಿದ್ದ. ಅಜ್ಜನಿಗೆ ಹೇಳುವುದು ಮಾತ್ರ ಉಳಿದುಹೋಗಿತ್ತು. ಅವನಿಗೆ ಅಜ್ಜನೆಂದರೆ ಹೆದರಿಕೆ. ಆ ಅಜ್ಜ, ಸಾಯುವ ಅಪ್ಪ ಮಗಳನ್ನು ಕಣ್ತುಂಬ ನೋಡಿಕೊಳ್ಳಲಿ ಎಂದು ಊರಿಂದ ವಿಮಾನದಲ್ಲಿ ಬುಟ್ಟಿ ಬುಟ್ಟಿ ಮಲ್ಲಿಗೆ ತರಿಸಿದ್ದರು. ಗಂಡಿನ ಮನೆಯ ಹೂವನ್ನು ಮದುಮಗಳು ಬೇಡವೆನ್ನುವ ಪದ್ಧತಿಯಿಲ್ಲ. ನಿಖಿತಾ ಬೇಡವೆಂದಳು, ತನ್ನ ಅರೆಬರೆ ಕನ್ನಡದಲ್ಲಿ ಕೈಮುಗಿದು ಹೇಳಿದಳು. "ನಾಚಿಕೆ," ಎಂದು ವಸಂತಿ ನಕ್ಕಳು. ಅತ್ತೆ ತನ್ನ ಕೈಯಾರೆ ಜಡೆಯ ಬುಡದಿಂದ ಸೊಂಟದವರೆಗೆ ಹೂ ಸುತ್ತಿದಳು. ಮಂಟಪದ ಕಂಬಗಳಿಗೂ ಸುತ್ತಿದ್ದರು.

ಚೆನ್ನಯ ಅಮೀರಸಾಬನ ಕೋಟು ಹಾಕಿಕೊಂಡು ಸಭಾಭವನದ ಬಾಗಿಲಲ್ಲೇ ನಿಂತ. ಒಳಗೆ ಹೋಗುವ ಮೊದಲೇ ಮೂಗು ಎಲ್ಲವನ್ನೂ ಹೇಳಿತು. ಆದರೂ ಹೋದ. ಇದನ್ನು ಅವನ ಪರವಾಗಿ ಹೇಳಲೇ ಬೇಕು. ಒಂದೊಂದೇ ಹೆಜ್ಜೆ ಇಟ್ಟು, ಬಾಯಲ್ಲಿ ಉಸಿರಾಡುತ್ತಾ, ಮಂಟಪದವರೆಗೆ ಹೋದ. ಧಾರೆಯ ಗಿಂಡಿಯನ್ನು ಅವನ ಕೈಗೆ ಕೊಟ್ಟರು. ಎದುರಿಗೆ ಮಗಳು ಕೈಯೊಡ್ಡಿ ನಿಂತಿದ್ದಳು. ಅವಳ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಏನೂ ಆಗಲ್ಲ ಪಪ್ಪಾ, ನಾನು ಇದ್ದೇನೆ.

ಅವನು ಗಿಂಡಿ ಬಗ್ಗಿಸಲು ಮುಂದೆ ಬಾಗಿದ. ಉಸಿರು ಒಳಗೆ ಹೋಯಿತು. ಅಂಗೈಯ ಒಂದು ಮೊಗ್ಗಿಗೆ ಕಲಿತ ಪಾಠ ಅಷ್ಟು ಹೂವಿನ ಮುಂದೆ ಎಲ್ಲಿಯೂ ಉಳಿಯಲಿಲ್ಲ. ಗಿಂಡಿ ಬಿದ್ದ ಸದ್ದನ್ನು ಅವನು ಕೇಳಲಿಲ್ಲ. ಕೈ ತಾನಾಗಿ ಮಂಟಪದ ಕಂಬ ಹಿಡಿಯಿತು, ಕಂಬದಲ್ಲಿಯೂ ಮಲ್ಲಿಗೆಯೇ ಇತ್ತು. ಚೆನ್ನಯ ಕೂಗಿಕೊಂಡು ಓಡಿದ, ಊಟದ ಹಾಲ್ ದಾಟಿ, ಮೆಟ್ಟಿಲಿಳಿದು, ಕಾರು ನಿಲ್ಲಿಸುವ ಜಾಗದ ಮೂಲೆಯವರೆಗೆ.

ಯಾರೂ ಅವನನ್ನು ಬಯ್ಯಲಿಲ್ಲ. ಅದೇ ಅವನಿಗೆ ಸಹಿಸಲಾಗದೆ ಹೋದದ್ದು. ಯಾರೋ ನೀರು ತಂದರು, ಯಾರೋ ಗಾಳಿ ಹಾಕಿದರು, "ಪಾಪ, ಇಷ್ಟು ದಿನ ತಡೆದದ್ದೇ ದೊಡ್ಡದು," ಎಂದರು. ಮೇಲೆ ಧಾರೆಯನ್ನು ಅಕ್ಕುವಿನ ತಮ್ಮ ಎರೆದ. ಸೋದರಮಾವ ಎರೆದರೂ ನಡೆಯುತ್ತದೆ ಎಂದು ದೂಜ ಪೂಜಾರಿಯವರು ಸಮಾಧಾನ ಹೇಳಿ ಕಳುಹಿಸಿದರು. ವಾದ್ಯ ಜೋರಾದದ್ದು ಕೆಳಗೆ ಕೇಳಿಸಿತು. ಚೆನ್ನಯ ಎರಡೂ ಕೈಯಲ್ಲಿ ಗೇಟಿನ ಸರಳು ಹಿಡಿದುಕೊಂಡು, "ನನಗೇನೂ ಕಾಯಿಲೆ ಇಲ್ಲ, ನಾನು ಹೆದರಿದ್ದು, ಬರೀ ಹೆದರಿದ್ದು," ಎಂದು ಸಿಕ್ಕವರಿಗೆಲ್ಲ ಹೇಳಿದ. ವಾಚ್‌ಮನ್ ಕೂಡ ಕನಿಕರದಿಂದ ತಲೆಯಾಡಿಸಿದ.

ಹೊರಡುವ ಹೊತ್ತಿಗೆ ನಿಖಿತಾ ಮೆಟ್ಟಿಲಿಳಿದು ಬಂದಳು. ಎಲ್ಲರ ಕೈ ಬಿಡಿಸಿಕೊಂಡು ಅಪ್ಪನತ್ತ ಬಂದಳು. ಚೆನ್ನಯ ಅವಳನ್ನು ನೋಡಿದ. ಅವಳು ಇನ್ನೂ ದೂರವಿರುವಾಗಲೇ ಗಾಳಿ ಇತ್ತ ಬೀಸಿತು. ಅವನ ಮುಖ ಬದಲಾಯಿತು, ಕಾಲು ಹಿಂದೆ ಸರಿಯಿತು. ಬೇಡ ಬೇಡವೆಂದು ಅವನು ಕಾಲಿಗೆ ಹೇಳಿದ. ಅದು ಇನ್ನೊಂದು ಹೆಜ್ಜೆ ಹಿಂದೆ ಸರಿಯಿತು.

ನಿಖಿತಾ ಅಲ್ಲೇ ನಿಂತಳು. ಅವಳ ಕೈ ಜಡೆಗೆ ಹೋಯಿತು. "ಮದುಮಗಳು ಇವತ್ತು ಹೂ ತೆಗೀಬಾರದು!" ಎಂದು ಹಿಂದಿನಿಂದ ಅತ್ತೆ ಕೂಗಿದಳು. ಕೈ ಕೆಳಗಿಳಿಯಿತು. ಅಪ್ಪನ ಮುಖವನ್ನೇ ನೋಡುತ್ತಾ, "ಪಪ್ಪಾ, ರೆಹನೇ ದೋ, ಇರಲಿ. ಅಲ್ಲಿಂದಲೇ ಆಶೀರ್ವಾದ ಮಾಡು," ಎಂದಳು. ಎರಡು ಕಾರುಗಳ ಆಚೆಯಿಂದ ಚೆನ್ನಯ ಕೈ ಎತ್ತಿದ.

ಆ ರಾತ್ರಿಯೇ ಅವನು ಅಕ್ಕುವಿಗೆ ನಿಜ ಹೇಳಿದ. ಅಕ್ಕು ಅಟ್ಟದ ಮೇಲಿನ ಹೂಬುಟ್ಟಿಯತ್ತ ನೋಡಿದಳು. "ಗಡ್ಡೆ ಇದ್ದಿದ್ದರೆ ನನಗೆ ಇಷ್ಟು ದುಃಖ ಆಗ್ತಿರಲಿಲ್ಲ," ಎಂದಳಷ್ಟೆ.

ಕೆಲವು ತಿಂಗಳು ಕಳೆದ ಮೇಲೆ ಬೀಗಿತಿಯ ಫೋನ್ ಬಂತು. ಅಕ್ಕು ಸ್ಪೀಕರಿನಲ್ಲಿ ಹಾಕಿದಳು. ಸೊಸೆ ಎಲ್ಲದರಲ್ಲಿಯೂ ಚಿನ್ನ, ಒಂದೇ ದೂರು. ಶುಕ್ರವಾರ ಮಲ್ಲಿಗೆ ಕೊಟ್ಟರೆ ಮುಡಿಯುವುದಿಲ್ಲ. ಮೊದಲೆಲ್ಲ ಮುಡಿಯುತ್ತಿದ್ದಳಲ್ಲ? ಈಗ ಹೂ ಹತ್ತಿರ ತಂದರೆ ಮುಖ ಬಿಳುಚಿಕೊಳ್ಳುತ್ತದೆ, ಗೋಡೆಗೆ ಒರಗಿ ನಿಲ್ಲುತ್ತಾಳೆ. ಕೇಳಿದರೆ ಯಾಕೆಂದು ಗೊತ್ತಿಲ್ಲ ಎನ್ನುತ್ತಾಳೆ. ಅಪ್ಪನ ಕಾಯಿಲೆ ಮಗಳಿಗೂ ಬಂದಿದೆಯೋ ಏನೋ, ಒಮ್ಮೆ ಸ್ಕ್ಯಾನ್ ಮಾಡಿಸುವುದಾ?

ಚೆನ್ನಯ ಕೇಳಿಸಿಕೊಂಡು ಕೂತಿದ್ದ. ನಿಖಿತಾ ಕುರ್ಲಾದಲ್ಲಿ ಬಾಗಿಲಿಗೆ ನೇತಾಡಿದವಳಲ್ಲ. ಅವಳ ಕಿವಿಯ ಪಕ್ಕ ಯಾವ ಕಂಬವೂ ಹಾದುಹೋಗಿರಲಿಲ್ಲ. ತಲೆತುಂಬ ಹೂ ಮುಡಿದು ಅವಳು ಒಮ್ಮೆ ಅಪ್ಪನ ಮುಖ ನೋಡಿದ್ದಳು, ಅಷ್ಟೇ.